ಒಂದು ಗಣಿಯೂರಿನ ಕೈಫಿಯತ್ತು

ಊರೊಂದು ಹುಟ್ಟಿದ ದಿನವನ್ನೂ ಅದರ ಕಸುಬು ನಿಂತುಹೋದ ದಿನವನ್ನೂ ಪಂಚಾಂಗದಲ್ಲಿ ಬೆರಳಿಟ್ಟು ತೋರಿಸುವುದು ನಮ್ಮ ನಾಡಿನಲ್ಲಿ ಸಾಮಾನ್ಯವಾಗಿ ಸಾಧ್ಯವಾಗುವ ಮಾತಲ್ಲ. ನಮ್ಮ ಊರುಗಳಲ್ಲಿ ಹೆಚ್ಚಿನವು ಯಾವುದೋ ಶಾಸನದ ಒಂದು ಸಾಲಿನಲ್ಲಿ ಹೆಸರು ಮಾತ್ರವಾಗಿ ತೋರಿಕೊಂಡು, ಅದಕ್ಕೂ ಹಿಂದಿನ ವೃತ್ತಾಂತವನ್ನು ಸ್ಥಳಪುರಾಣಕ್ಕೆ ಒಪ್ಪಿಸಿ ನಿಶ್ಚಿಂತವಾಗಿರತಕ್ಕವು. ನಾನು ಬೆಳೆದ ಊರಿಗೆ ಆ ಸೌಕರ್ಯವಿಲ್ಲ. 1976ನೆಯ ಇಸವಿ ಏಪ್ರಿಲ್ 2ರಂದು ಕುದುರೆಮುಖ ಕಬ್ಬಿಣದ ಅದಿರು ಕಂಪನಿ ಸ್ಥಾಪಿತವಾಯಿತು. 2005ರ ಡಿಸೆಂಬರ್ 31ರಂದು, ಸರ್ವೋಚ್ಚ ನ್ಯಾಯಾಲಯದ ಆಜ್ಞೆಯ ಪ್ರಕಾರ, ಆ ಬೆಟ್ಟಗಳಲ್ಲಿ ಅದಿರು ಅಗೆಯುವುದು ನಿಂತಿತು. ಈ ಎರಡು ದಿನಗಳ ನಡುವೆ, ಮೂವತ್ತಕ್ಕೆ ಕೆಲವು ತಿಂಗಳು ಕಡಮೆಯಾದ ವರ್ಷಗಳಲ್ಲಿ, ಭದ್ರಾನದಿಯ ದಡದ ಮಲ್ಲೇಶ್ವರವೆಂಬ ಎಡೆಯಲ್ಲಿ ಒಂದು ಪಟ್ಟಣ ಎದ್ದು, ದೇಶದ ನಾನಾ ಪ್ರಾಂತಗಳ ಜನರಿಂದ ತುಂಬಿ, ಶಾಲೆ ಆಸ್ಪತ್ರೆ ದೇವಸ್ಥಾನ ಇಗರ್ಜಿ ಮಸೀದಿಗಳನ್ನು ಪಡೆದು, ಮಕ್ಕಳನ್ನು ಬೆಳೆಸಿ, ಬರಿದಾಯಿತು. ಆ ಮಕ್ಕಳಲ್ಲಿ ನಾನೊಬ್ಬನು.

ಕುದುರೆಮುಖವೆಂಬುದು ಮೂಲತಃ ಒಂದು ಶಿಖರದ ಹೆಸರು. ಅದರ ಎತ್ತರವನ್ನು ಹಳೆಯ ಪುಸ್ತಕಗಳು 6,215 ಅಡಿಯೆಂದು ಬರೆದಿವೆ. ಒಂದು ಪಾರ್ಶ್ವದಿಂದ ನೋಡಿದಾಗ ಕುದುರೆಯ ಮೋರೆಯ ರೇಖೆಯನ್ನು ತಾಳುವ ಈ ಬೆಟ್ಟ ಪಡುವಣ ಕಡಲಿನಲ್ಲಿ ಹಡಗು ನಡೆಸುವವರಿಗೆ ದಿಕ್ಕಿನ ಗುರುತಾಗಿತ್ತು. ಪೂರ್ವದಿಂದ ಹತ್ತುವವರು ಅದನ್ನು ಸಂಸೆ ಪರ್ವತವೆಂದರು. ಶಿಖರದ ಪಶ್ಚಿಮಕ್ಕೆ ಮದರಾಸು ಆಧಿಪತ್ಯದ ದಕ್ಷಿಣ ಕನ್ನಡ ಜಿಲ್ಲೆ, ಪೂರ್ವಕ್ಕೆ ಮೈಸೂರು ಸಂಸ್ಥಾನದ ಕಡೂರು ಜಿಲ್ಲೆ. ಹೀಗೆ ಎರಡು ಆಳ್ವಿಕೆಗಳ ಗಡಿಯಾಗಿ ಅದು 1956ರವರೆಗೆ ನಿಂತಿತ್ತು. ಗಡಿ ಅಳಿದು ಎಷ್ಟೋ ಕಾಲವಾದರೂ, ಕಾರ್ಕಳದಿಂದ ಬಜಗೋಳಿ ಮಾಳಗಳನ್ನು ದಾಟಿ ಘಟ್ಟವೇರಿ ಬರುವ ಬಸ್ಸಿನ ಕಂಡಕ್ಟರನು ಇಂದಿಗೂ ‘ಎಸ್.ಕೆ. ಬಾರ್ಡರ್’ ಎಂದು ಕೂಗಿ ಜನರನ್ನು ಇಳಿಸುತ್ತಾನೆ. ಆ ಎರಡು ಅಕ್ಷರಗಳೊಳಗೆ ಸೌತ್ ಕೆನರಾ ಇನ್ನೂ ಅಡಗಿಕೊಂಡಿರುವುದನ್ನು ಇಳಿಯುವವರಲ್ಲಿ ಎಷ್ಟು ಮಂದಿ ಬಲ್ಲರೋ! ಈ ಸೀಮೆಯಲ್ಲಿಯೇ, ವರಾಹ ಪರ್ವತದ ಗಂಗಾಮೂಲದಲ್ಲಿ, ತುಂಗೆ ಭದ್ರೆ ನೇತ್ರಾವತಿಗಳು ಹುಟ್ಟುವುವೆಂದು ಹಿಂದಿನಿಂದಲೂ ಜನ ನಂಬಿ ಬಂದಿದ್ದಾರೆ.

ಈ ಬೆಟ್ಟಗಳ ಗರ್ಭದಲ್ಲಿ ಕಬ್ಬಿಣವಿದೆಯೆಂಬುದನ್ನು ಲೋಕಕ್ಕೆ ತಿಳಿಸಿದವರು ಮೈಸೂರು ಭೂವಿಜ್ಞಾನ ಇಲಾಖೆಯ ಸಂಪತ್ ಅಯ್ಯಂಗಾರ್ಯರು. ರಸ್ತೆಯಿಲ್ಲದ, ಸೇತುವೆಯಿಲ್ಲದ, ವರ್ಷದ ಅರ್ಧಕಾಲ ಮಳೆಯ ವಶದಲ್ಲಿರುವ ಆ ಕಾಡಿನಲ್ಲಿ ನಡೆದು ಅವರು ಅದಿರನ್ನು ಗುರುತಿಸಿದ್ದು 1913ರಲ್ಲಿ. ಆದರೆ ಇಲ್ಲಿಯ ಅದಿರು ಸಂಡೂರು ಬಳ್ಳಾರಿಗಳ ಅದಿರಿನಂತೆ ಅಗೆದು ಲಾರಿಗೆ ತುಂಬಿದ ಮಾತ್ರಕ್ಕೆ ಮಾರಾಟವಾಗುವ ಜಾತಿಯದಲ್ಲ. ನೂರು ಪಾಲು ಕಲ್ಲಿನಲ್ಲಿ ಸುಮಾರು ಮೂವತ್ತೆಂಟು ಪಾಲು ಮಾತ್ರ ಕಬ್ಬಿಣ. ಆ ಬಡ ಅದಿರನ್ನು ನುಣ್ಣಗೆ ಅರೆದು, ಅಯಸ್ಕಾಂತದ ಸಹಾಯದಿಂದ ಕಬ್ಬಿಣದ ಕಣಗಳನ್ನು ಬೇರ್ಪಡಿಸಿ, ಅರುವತ್ತೇಳು ಪಾಲಿನ ಮಟ್ಟಕ್ಕೆ ಏರಿಸಿದರೆ ಮಾತ್ರ ಅದಕ್ಕೆ ಬೆಲೆ. ಅದೇ ಜಿಲ್ಲೆಯ ಬಾಬಾಬುಡನ್ ಶ್ರೇಣಿಯಲ್ಲಿ ಕೆಮ್ಮಣ್ಣುಗುಂಡಿಯ ಅದಿರು ತೊಟ್ಟಿಲುಗಳಲ್ಲಿ ತಂತಿಯ ಮೇಲೆ ಇಳಿದು ಭದ್ರಾವತಿಯ ಕುಲುಮೆಯನ್ನು ಸೇರಿ ದಶಕಗಳು ಸಂದರೂ, ಕುದುರೆಮುಖದ ಅದಿರನ್ನು ಯಾರೂ ಮುಟ್ಟದೆ ಇದ್ದುದಕ್ಕೆ ಇದೇ ಕಾರಣ. 1960ರ ದಶಕದಲ್ಲಿ ರಾಷ್ಟ್ರೀಯ ಖನಿಜಾಭಿವೃದ್ಧಿ ನಿಗಮದವರು ಬಂದು ಬೆಟ್ಟವನ್ನು ಕೊರೆದು ಲೆಕ್ಕ ಹಾಕಿದರು; ಹಣ ಹೂಡುವವರು ಮಾತ್ರ ಇರಲಿಲ್ಲ.

ಹಣ ಬಂದ ಬಗೆಯಾದರೋ ಕಾದಂಬರಿಕಾರನು ಬರೆದಿದ್ದರೆ ವಿಮರ್ಶಕರು ಅಸಂಭಾವ್ಯವೆಂದು ದೂರುತ್ತಿದ್ದಂಥದು. ಎಣ್ಣೆಯ ಬೆಲೆ ಏರಿ ಸಂಪತ್ತಿನಿಂದ ತುಳುಕುತ್ತಿದ್ದ ಇರಾನಿನ ಶಹಾನ ಸರ್ಕಾರ ತನ್ನ ಉಕ್ಕಿನ ಕಾರ್ಖಾನೆಗಳಿಗೆ ಅದಿರನ್ನು ಹುಡುಕುತ್ತಿತ್ತು. 1975ರ ನವೆಂಬರಿನಲ್ಲಿ ಒಪ್ಪಂದವಾಯಿತು: ಇರಾನು 63 ಕೋಟಿ ಡಾಲರ್ ಸಾಲ ಕೊಡತಕ್ಕದ್ದು, ಭಾರತ ವರ್ಷಕ್ಕೆ 75 ಲಕ್ಷ ಟನ್ನು ಶುದ್ಧೀಕರಿಸಿದ ಅದಿರನ್ನು ಅದಕ್ಕೆ ಒದಗಿಸತಕ್ಕದ್ದು. ಕಾಡು ಕಡಿದು, ರಸ್ತೆ ಎಳೆದು, ಯಂತ್ರಗಳು ಘಟ್ಟ ಹತ್ತುತ್ತಿದ್ದಾಗಲೇ 1979ರಲ್ಲಿ ಇರಾನಿನಲ್ಲಿ ಕ್ರಾಂತಿಯಾಗಿ ಶಹಾ ದೇಶಭ್ರಷ್ಟನಾದನು; ಅಷ್ಟರಲ್ಲಿ ಸಾಲದ ಅರ್ಧಕ್ಕಿಂತ ಕಡಮೆ ಹಣ, ಸುಮಾರು ಇಪ್ಪತ್ತೈದೂವರೆ ಕೋಟಿ ಡಾಲರು ಮಾತ್ರ, ಕೈಸೇರಿತ್ತು. ಉಳಿದುದನ್ನು ಭಾರತ ಸರ್ಕಾರವೇ ಭರಿಸಿ 1980ರಲ್ಲಿ ಕಾರ್ಖಾನೆಯನ್ನು ಪೂರ್ಣಗೊಳಿಸಿತು. ಟೆಹರಾನಿನ ಬೀದಿಗಳಲ್ಲಿ ನಡೆದ ಒಂದು ಕೋಲಾಹಲಕ್ಕೂ ಕಳಸ ಹೋಬಳಿಯ ಒಂದು ಕಣಿವೆಯ ಅನ್ನಕ್ಕೂ ಇಂಥ ಸಂಬಂಧವಿದ್ದೀತೆಂದು, ಆಗ ತಾನೆ ಅಕ್ಷರ ತಿದ್ದುತ್ತಿದ್ದ ನಮಗಿರಲಿ, ದೊಡ್ಡವರಲ್ಲಿಯೂ ಎಷ್ಟು ಮಂದಿ ಯೋಚಿಸಿದ್ದರು! ಹಡಗಿಗೆ ತುಂಬುವ ಸರಕು ಸಿದ್ಧವಾಗಿದೆ, ಕೊಳ್ಳುವವನೇ ಇಲ್ಲ ಎಂಬ ಆ ಒಂದೆರಡು ವರ್ಷಗಳ ಆತಂಕವನ್ನು ನಮ್ಮ ತಂದೆಯವರು ಬಹುಕಾಲದ ಮೇಲೆ ಹೇಳಿದರು. ಮನೆಯಲ್ಲಿ ಆಗ ಅದರ ಸೊಲ್ಲೂ ಇರಲಿಲ್ಲ, ಸಂಬಳ ಬರುತ್ತಿತ್ತು.

ನಮ್ಮ ತಂದೆಯವರು ಘಟ್ಟದ ಕೆಳಗಿನವರು, ಕಾರ್ಕಳ ತಾಲ್ಲೂಕಿನ ಒಂದು ಹಳ್ಳಿಯವರು. ಪ್ಲಾಂಟಿನಲ್ಲಿ ಫಿಟ್ಟರಾಗಿ ಸೇರಿ, ಕ್ವಾರ್ಟರ್ಸು ಸಿಕ್ಕಿದ ಮೇಲೆ ನಮ್ಮನ್ನು ಕರೆತಂದರು. ಮನೆಯೊಳಗೆ ತುಳು, ಬಾಗಿಲ ಹೊರಗೆ ಕನ್ನಡ, ಬೀದಿಯ ಕೊನೆಯಲ್ಲಿ ಮಲೆಯಾಳ ತಮಿಳು ತೆಲುಗು, ಶಾಲೆಯಲ್ಲಿ ಹಿಂದಿ ಇಂಗ್ಲಿಷು. ಇಂಥ ಕಾಲೊನಿಗಳ ಸರ್ವಜನಸಮ್ಮೇಳನವನ್ನು ವರ್ಣಿಸಿದ ಲೇಖನಗಳು ಸಾಕಷ್ಟಿವೆಯಾದ್ದರಿಂದ ಅದನ್ನು ನಾನು ವಿಸ್ತರಿಸಲಾರೆ. ಒಂದು ಮಾತನ್ನು ಮಾತ್ರ ಸೇರಿಸುವೆನು: ಆ ಸಾಮರಸ್ಯ ನಿಜ, ಆದರೆ ಅಧಿಕಾರಿಗಳ ಬಂಗಲೆಗಳ ಸಾಲೂ ಕಾರ್ಮಿಕರ ಮನೆಗಳ ಸಾಲೂ ಬೇರೆ ಬೇರೆಯಾಗಿದ್ದುದೂ, ಗುತ್ತಿಗೆಯ ಕೂಲಿಯವರ ಗುಡಿಸಲುಗಳು ಆ ಎರಡು ಸಾಲುಗಳಲ್ಲಿಯೂ ಸೇರದೆ ಇದ್ದುದೂ ಅಷ್ಟೇ ನಿಜ. ಈಗ ಹಳಬರು ಸೇರಿದಾಗ ಮೊದಲನೆಯ ನಿಜವನ್ನೇ ಸ್ಮರಿಸುತ್ತಾರೆ.

ಆ ಊರಿನ ನಿಜವಾದ ಒಡೆಯನು ಮಳೆ. ವರ್ಷಕ್ಕೆ ಆರು ಏಳು ಸಾವಿರ ಮಿಲಿಮೀಟರು ಎಂದು ಲೆಕ್ಕದವರು ಹೇಳುವರು. ಅಂಕಿಯಿಂದ ಅದರ ಸ್ವರೂಪ ತಿಳಿಯುವಂಥದಲ್ಲ. ಜೂನಿನ ಮೊದಲ ವಾರದಲ್ಲಿ ಒಂದು ಸಂಜೆ ಬೆಟ್ಟಗಳ ಮೇಲಿನ ಹುಲ್ಲುಗಾವಲು ಕಪ್ಪಾಗಿ, ಕಣಿವೆಗಳ ಶೋಲಾ ಕಾಡು ಮಂಜಿನಲ್ಲಿ ಕರಗಿ, ಮಳೆ ಹಿಡಿಯಿತೆಂದರೆ, ಅದು ಬಿಡುವುದು ಗೌರಿಹಬ್ಬ ಕಳೆದ ಮೇಲೆಯೇ. ಒಗೆದ ಬಟ್ಟೆ ಒಣಗುವುದೆಂಬ ವ್ಯಾಪಾರವೇ ಇಲ್ಲ. ಒಲೆಯ ಮೇಲೆ ಬಿದಿರ ತಟ್ಟಿ ಕಟ್ಟಿ, ಹೊಗೆಯ ವಾಸನೆ ಹತ್ತಿದ ಅಂಗಿಗಳನ್ನು ತೊಟ್ಟು ಶಾಲೆಗೆ ಹೋಗುತ್ತಿದ್ದೆವು. ಗೋಡೆಗಳ ಮೇಲೆ ಹಸುರು ಬೂಷ್ಟು, ಪುಸ್ತಕದ ರಟ್ಟುಗಳ ಮೇಲೆ ಬಿಳಿಯ ಬೂಷ್ಟು, ಚರ್ಮದ ಚಪ್ಪಲಿಗಳ ಮೇಲೆ ಎರಡೂ. ಕಿಟಕಿ ತೆರೆದರೆ ಮಂಜು ಒಳಕ್ಕೆ ಬಂದು ಕೋಣೆಯ ದೀಪವನ್ನು ಮಂಕಾಗಿಸುವುದು. ಕಾಲ್ಬೆರಳುಗಳ ಸಂದಿನಲ್ಲಿ ಇಂಬಳ ಹತ್ತಿಕೊಂಡರೆ ಹೊಸದಾಗಿ ಉತ್ತರದೇಶದಿಂದ ಬಂದವರು ಕಿರುಚುವರು. ನಾವು ಜೇಬಿನಲ್ಲಿಟ್ಟ ಉಪ್ಪಿನ ಪೊಟ್ಟಣವನ್ನು ಬಿಚ್ಚುವೆವು. ನಮ್ಮ ತಾಯಿ ಕೆಸುವಿನ ಎಲೆ ತರಿಸಿ ಪತ್ರೊಡೆ ಮಾಡುವ ಕಾಲವೂ ಅದೇ, ಕಳಲೆಯನ್ನು ನೆನೆಹಾಕಿ ಅದರ ಕಹಿ ತೆಗೆಯುವ ಕಾಲವೂ ಅದೇ. ಪಂಜಾಬಿನ ನೆರೆಯಾಕೆ ಮೊದಲು ಅನುಮಾನದಿಂದ ಪತ್ರೊಡೆಯ ರುಚಿ ನೋಡಿ, ಮುಂದಿನ ವರ್ಷ ತಾನೇ ಎಲೆ ಕೊಯ್ದುಕೊಂಡು ಬಂದು ನಮ್ಮ ತಾಯಿಯನ್ನು ಕೂರಿಸಿ ಕಲಿತುಕೊಂಡುದನ್ನು, ಆ ಊರಿನ ಇತಿಹಾಸಕ್ಕೆ ಸೇರಿಸಬೇಕಾದ ಸಂಗತಿಗಳಲ್ಲಿ ಒಂದೆಂದೇ ನಾನು ಎಣಿಸಿದ್ದೇನೆ.

ಮಳೆಯ ಶ್ರುತಿಗೆ ತಾಳವಾಗಿ ಇನ್ನೊಂದು ಸದ್ದಿತ್ತು, ಅದು ಪ್ಲಾಂಟಿನದು. ರಾತ್ರಿ ಊರು ಮಲಗಿದ ಮೇಲೂ ಅರೆಯುವ ಗಿರಣಿಗಳ ಗುಡುಗು ಕಣಿವೆಯನ್ನು ತುಂಬಿಕೊಂಡಿರುವುದು. ಅದು ನಿಂತ ರಾತ್ರಿಗಳಲ್ಲಿ ನಮಗೆ ಎಚ್ಚರವಾಗುತ್ತಿತ್ತು. ಗಣಿಯಲ್ಲಿ ಬಂಡೆ ಸಿಡಿಸುವ ಮುನ್ನ ಸೈರನ್ನು ಕೂಗುವುದು. ಮನೆಯ ಪಾತ್ರೆಗಳು ಒಮ್ಮೆ ನಡುಗುವುವು. ಅಡುಗೆಮನೆಯ ಮಾತು ಎಲ್ಲಿ ನಿಂತಿತ್ತೋ ಅಲ್ಲಿಂದ ಮುಂದುವರಿಯುವುದು. ತಂದೆಯವರು ಶಿಫ್ಟು ಮುಗಿಸಿ ಬಂದರೆ ಅವರ ಉಡುಪಿನಿಂದ ಉದುರುವ ಬೂದುಬಣ್ಣದ ಪುಡಿಗೆ ನಾವು ಅಯಸ್ಕಾಂತ ಹಿಡಿದು ಆಡುತ್ತಿದ್ದೆವು. ಆ ಪುಡಿಯನ್ನೇ ನೀರಿನಲ್ಲಿ ಕಲಸಿ, ರಾಡಿಯನ್ನಾಗಿ ಮಾಡಿ, 67 ಕಿಲೋಮೀಟರು ಉದ್ದದ ಕೊಳವೆಯೊಳಗೆ ಘಟ್ಟದ ಕೆಳಕ್ಕೆ ಹರಿಸಿ ಮಂಗಳೂರಿನ ಪಣಂಬೂರು ಬಂದರಿಗೆ ತಲಪಿಸುತ್ತಿದ್ದರು. 1987ರಿಂದ ಅಲ್ಲಿಯೇ ಅದರ ಒಂದು ಭಾಗವನ್ನು ಉಂಡೆಗಟ್ಟುವ ಕಾರ್ಖಾನೆಯೂ ನಡೆಯಿತು. ಕಲ್ಲು ಕಬ್ಬಿಣವಾಗಿ ಕಡಲಿಗೆ ಹೋಯಿತು. ಕಬ್ಬಿಣವಲ್ಲದ ಉಳಿಕೆ ಎಲ್ಲಿಗೆ ಹೋಗಬೇಕು? ಅದಕ್ಕಾಗಿ ಭದ್ರೆಯ ಉಪನದಿಯಾದ ಲಖ್ಯಾ ಹೊಳೆಗೆ ಅಡ್ಡಲಾಗಿ ಸುಮಾರು ನೂರು ಮೀಟರು ಎತ್ತರದ ಕಟ್ಟೆಯನ್ನು ಕಟ್ಟಿದ್ದರು. ಲಖ್ಯಾ ಡ್ಯಾಮನ್ನು ನೋಡಲು ಬರುವ ನೆಂಟರು ದೂರದಿಂದ ಅದನ್ನು ನೀರಿನ ಸರೋವರವೆಂದು ಭ್ರಮಿಸುತ್ತಿದ್ದರು. ಸಮೀಪ ಹೋದರೆ ಅದರ ಬಹುಭಾಗ ಕೆಸರು, ಒಂದು ಕಣಿವೆಯನ್ನು ಗೋಣುಮಟ್ಟ ತುಂಬಿದ ಕೆಸರು.

ಆ ಕೆಸರಿನ ಅಡಿಯಲ್ಲಿ ಏನಿತ್ತೆಂಬುದನ್ನು ನಮಗೆ ಹೇಳಿದವರು ಒಬ್ಬ ಅಜ್ಜ. ಟೌನ್‌ಶಿಪ್ಪಿನಲ್ಲಿ ತೋಟದ ಕೆಲಸ ಮಾಡುತ್ತಿದ್ದರು. ಕಂಬಳಿಯ ಕೊಪ್ಪೆ ಹಾಕಿಕೊಂಡು ಬಂದು, ನಮ್ಮ ಮನೆಯ ಹಿಂಬದಿಯ ಕಟ್ಟೆಯ ಮೇಲೆ ಕೂತು, ನಮ್ಮ ತಾಯಿ ಕೊಡುವ ಬೆಲ್ಲದ ಕಾಫಿ ಕುಡಿಯುತ್ತ ಮಾತಾಡುವುದು ಅವರ ರೂಢಿ. ಕಂಪನಿ ಬರುವ ಮುಂಚೆ ಆ ಕಣಿವೆಗಳಲ್ಲಿದ್ದ ಒಕ್ಕಲುಗಳಲ್ಲಿ ಒಂದು ಅವರದು. “ನೀವೆಲ್ಲ ಡ್ಯಾಮು ಡ್ಯಾಮು ಅಂತೀರಲ್ಲ ತಂಗಿ, ಅದರ ಬುಡದಲ್ಲಿ ನಮ್ಮ ಗದ್ದೆ ಉಂಟು,” ಎಂದು ಅವರು ನಮ್ಮ ತಾಯಿಗೆ ಹೇಳುವರು. ‘ಇತ್ತು’ ಎಂದು ಅವರು ಹೇಳಿದುದನ್ನು ನಾವು ಕೇಳಲಿಲ್ಲ. ಯಾವ ಗದ್ದೆಗೆ ಯಾವ ಹೆಸರು, ಯಾವ ಹೊಳೆ ಎಲ್ಲಿ ತಿರುಗುತ್ತಿತ್ತು, ಚೌಡಿಯ ಮರ ಯಾವ ದಿಣ್ಣೆಯ ಮೇಲಿತ್ತು, ಘಟ್ಟದ ಕೆಳಗಿನಿಂದ ಉಪ್ಪಿನ ಹೇರು ಯಾವ ದಾರಿಯಲ್ಲಿ ಬರುತ್ತಿತ್ತು, ಮಲೆಕುಡಿಯರ ಹಾಡಿಯಿಂದ ಜೇನು ತರುತ್ತಿದ್ದವರು ಯಾರು ಎಂಬುದನ್ನೆಲ್ಲ ಅವರು ಹೇಳಿದ ಕ್ರಮದಲ್ಲಿಯೇ ನಮ್ಮ ತಾಯಿ ನೆನಪಿಟ್ಟಿದ್ದರು. ಓದುಬರಹ ಕಡಮೆಯಾದವರ ಸ್ಮರಣಶಕ್ತಿಯನ್ನು ನಾವು ಓದಿದವರು ಹಗುರವಾಗಿ ಕಾಣುತ್ತೇವೆ. ಬಹುವರ್ಷಗಳ ತರುವಾಯ ತಾಯಿಯ ಬಾಯಿಂದ ಅದನ್ನೆಲ್ಲ ಬರೆದುಕೊಂಡು, ಹಳೆಯ ಗ್ರಾಮನಕಾಶೆಯ ಮುಂದಿಟ್ಟು ನೋಡಿದಾಗ, ಹೊಳೆಯ ತಿರುವುಗಳೂ ಕಾಲುದಾರಿಗಳೂ ಹೊಂದಿಕೊಂಡವು; ಗದ್ದೆಗಳ ಹೆಸರು ಮಾತ್ರ ನಕಾಶೆಯಲ್ಲಿರಲಿಲ್ಲ, ಅಲ್ಲಿ ಇದ್ದುದು ಸರ್ವೇ ನಂಬರುಗಳು. ಹೆಸರುಗಳು ಇಂದು ಲೋಕದಲ್ಲಿ ಎಲ್ಲಿಯಾದರೂ ಉಳಿದಿದ್ದರೆ ಅದು ನನ್ನ ಆ ನೋಟುಪುಸ್ತಕದಲ್ಲಿ.

ಪ್ರಾಂತೀಯ ಇತಿಹಾಸವನ್ನು ಕಾಪಾಡುವುದೆಂದರೇನೆಂಬ ವಿಚಾರ ನನ್ನಲ್ಲಿ ಬೇರೂರಿದ್ದು ಅಲ್ಲಿಂದ. ಮಲೆನಾಡಿನ ಈ ಮೂಲೆಗೆ ಇತಿಹಾಸವೇ ಇಲ್ಲವೆಂದು ಯಾರೂ ಭಾವಿಸಬಾರದು. ಇಪ್ಪತ್ತು ಕಿಲೋಮೀಟರಿನಾಚೆಯ ಕಳಸ ಒಂದು ಕಾಲದಲ್ಲಿ ಕಳಸ-ಕಾರ್ಕಳ ರಾಜ್ಯವನ್ನಾಳಿದ ಭೈರರಸರ ನೆಲೆ. ಘಟ್ಟದ ಮೇಲೊಂದು ಕಾಲು, ಕೆಳಗೊಂದು ಕಾಲು ಇಟ್ಟು ಆಳಿದ ಆ ಜೈನ ಅರಸರಲ್ಲಿ ವೀರಪಾಂಡ್ಯನು 1432ರಲ್ಲಿ ಕಾರ್ಕಳದ ಬಂಡೆಯ ಮೇಲೆ ಗೊಮ್ಮಟನನ್ನು ನಿಲ್ಲಿಸಿದನು. ಕಳಸೇಶ್ವರನ ಸನ್ನಿಧಿಯ ಶಾಸನಗಳನ್ನು ಬಿ. ಎಲ್. ರೈಸ್ ಸಾಹೇಬರು ಓದಿ, ಕಡೂರು ಜಿಲ್ಲೆಯ ಸಂಪುಟದಲ್ಲಿ 1901ರಲ್ಲಿ ಅಚ್ಚುಹಾಕಿಸಿದರು. ಘಟ್ಟದ ಕೆಳಗೆ ಎಂ. ಗಣಪತಿರಾವ್ ಐಗಳರು 1923ರಲ್ಲಿ ‘ದಕ್ಷಿಣ ಕನ್ನಡ ಜಿಲ್ಲೆಯ ಪ್ರಾಚೀನ ಇತಿಹಾಸ’ವನ್ನು ಪ್ರಕಟಿಸಿದರು, ವಿಶ್ವವಿದ್ಯಾನಿಲಯದ ಆಶ್ರಯವಾಗಲಿ ಸರ್ಕಾರದ ಧನಸಹಾಯವಾಗಲಿ ಸುಲಭವಲ್ಲದ ಆ ದಿನಗಳಲ್ಲಿ ಒಬ್ಬ ವ್ಯಕ್ತಿ ತನ್ನ ಜಿಲ್ಲೆಯ ವೃತ್ತಾಂತವನ್ನು ಕನ್ನಡದಲ್ಲಿ ಕೂಡಿಸಿ ಕೊಡಲು ಟೊಂಕಕಟ್ಟಿದ್ದು ಸಾಮಾನ್ಯ ಸಾಹಸವಲ್ಲ. ಇವರಿಬ್ಬರಿಗೂ ಹಿಂದೆ, ಹತ್ತೊಂಬತ್ತನೆಯ ಶತಮಾನದ ಆದಿಯಲ್ಲಿ, ಕರ್ನಲ್ ಮೆಕೆಂಜಿಯ ಸಹಾಯಕರು ಊರೂರಿಗೆ ಹೋಗಿ ಅಲ್ಲಿಯ ಶಾನುಭೋಗರಿಂದಲೂ ವೃದ್ಧರಿಂದಲೂ ಕೈಫಿಯತ್ತುಗಳನ್ನು ಬರೆಯಿಸಿಕೊಂಡರು. ಆ ಕೈಫಿಯತ್ತುಗಳಲ್ಲಿ ಸತ್ಯದೊಡನೆ ಉತ್ಪ್ರೇಕ್ಷೆಯೂ ಪುರಾಣವೂ ಬೆರೆತಿವೆಯೆಂದು ವಿದ್ವಾಂಸರು ಆಕ್ಷೇಪಿಸುವರು. ಆಕ್ಷೇಪ ಸಾಧುವಾದುದೇ. ಆದರೆ ಊರಿನವನು ತನ್ನ ಊರನ್ನು ತಾನು ಕಂಡಂತೆ ಹೇಳಿದ ಮಾತು ಅವುಗಳಲ್ಲಿ ಉಳಿದುಬಂದಿದೆ; ಅರಸನ ದಾನಶಾಸನದಲ್ಲಿ ಆ ಮಾತು ಸಿಕ್ಕುವುದಿಲ್ಲ.

ಕುದುರೆಮುಖಕ್ಕೆ ಅಂಥ ಕೈಫಿಯತ್ತಿಲ್ಲ. ಅದಕ್ಕೆ ಇರುವುದು ಎರಡು ಇತಿಹಾಸಗಳು. ಒಂದು ಕಂಪನಿಯ ಇತಿಹಾಸ: ಟನ್ನುಗಳು, ಡಾಲರುಗಳು, ವಾರ್ಷಿಕ ವರದಿಗಳು, ಪದಕಗಳು. ಇನ್ನೊಂದು ವನ್ಯಸಂರಕ್ಷಣೆಯ ಇತಿಹಾಸ: 1987ರಲ್ಲಿ ಸುಮಾರು 600 ಚದರ ಕಿಲೋಮೀಟರು ಅರಣ್ಯ ರಾಷ್ಟ್ರೀಯ ಉದ್ಯಾನವೆಂದು ಅಧಿಸೂಚಿತವಾದುದು, 1969ರಿಂದ ಮೂವತ್ತು ವರ್ಷಗಳಿಗೆ ಕೊಟ್ಟಿದ್ದ ಸುಮಾರು 4,600 ಹೆಕ್ಟೇರಿನ ಗಣಿ ಗುತ್ತಿಗೆ 1999ರಲ್ಲಿ ಮುಗಿದುದು, ಅದನ್ನು ಮುಂದುವರಿಸಕೂಡದೆಂದು ಚಳವಳಿ ನಡೆದುದು, ನಾಗರಹೊಳೆಯ ಕಾಡನ್ನು ಕಾದು ಹೆಸರಾಗಿದ್ದ ಕೆ. ಎಂ. ಚಿಣ್ಣಪ್ಪನವರ ಅರ್ಜಿಯ ಮೇಲೆ ಸರ್ವೋಚ್ಚ ನ್ಯಾಯಾಲಯ 2002ರ ಅಕ್ಟೋಬರ್ 30ರಂದು ತೀರ್ಪಿತ್ತು, 2005ರ ಕೊನೆಗೆ ಗಣಿ ಮುಚ್ಚಬೇಕೆಂದು ವಿಧಿಸಿದುದು. ತೀರ್ಪು ಯುಕ್ತವಾದುದೆಂದೇ ನನ್ನ ಅಭಿಪ್ರಾಯ. ಸಿಂಗಳೀಕಗಳ ಆ ಕಾಡನ್ನು ಮತ್ತೊಂದು ಬೆಟ್ಟದಲ್ಲಿ ನೆಟ್ಟು ಬೆಳೆಸಲು ಬರುವುದಿಲ್ಲ. ಮಳೆಗಾಲದಲ್ಲಿ ಭದ್ರೆ ಕೆಂಪಾಗಿ ಕೆಳಕ್ಕೆ ಹರಿದುಹೋಗುತ್ತಿದ್ದುದನ್ನು ನಾನು ಬಾಲ್ಯದಿಂದಲೂ ಕಣ್ಣಾರೆ ಕಂಡವನು, ಲಕ್ಕವಳ್ಳಿಯ ಜಲಾಶಯದ ನೀರನ್ನು ನಂಬಿ ಬೆಳೆ ತೆಗೆಯುವವರು ಎಷ್ಟು ಮಂದಿಯೆಂಬುದನ್ನು ಆಮೇಲೆ ತಿಳಿದವನು.

ನಮ್ಮ ತಂದೆಯವರು ಮಾತ್ರ ಕೊನೆಯವರೆಗೂ ನನ್ನ ಈ ಅಭಿಪ್ರಾಯವನ್ನು ಒಪ್ಪಲಿಲ್ಲ. ವಾದ ಬಿಸಿಯಾದ ಒಂದು ದಿನ ಅವರು ಹೇಳಿದರು: “ನಾವು ತಿಂದದ್ದು ಕಾಡನ್ನಲ್ಲ ಮಾರಾಯ, ಕೂಲಿಯನ್ನು. ಕಾಡು ತಿಂದವರ ಲೆಕ್ಕ ಬೇರೆಯೇ ಉಂಟು.” ಅದಕ್ಕೆ ಉತ್ತರವಾಗಿ ನನ್ನಲ್ಲಿ ಅಂಕಿಗಳಿದ್ದವು, ನ್ಯಾಯಾಲಯದ ವಾಕ್ಯಗಳಿದ್ದವು, ಅವನ್ನು ಅವರ ಮುಂದಿಡುವ ಮನಸ್ಸು ನನಗೆ ಬರಲಿಲ್ಲ. ಇಪ್ಪತ್ತು ವರ್ಷ ರಾತ್ರಿಪಾಳಿ ಮಾಡಿ, ಕಿವಿ ಮಂದವಾಗಿಸಿಕೊಂಡು, ಗಿರಣಿಯೊಂದರ ಬೇರಿಂಗು ಕೆಡುವ ಮುನ್ನ ಅದರ ಸದ್ದಿನಿಂದಲೇ ಹೇಳಬಲ್ಲವರಾಗಿದ್ದ ಒಬ್ಬರ ನೈಪುಣ್ಯಕ್ಕೆ ಆ ಎರಡು ಇತಿಹಾಸಗಳಲ್ಲಿ ಯಾವುದರಲ್ಲಿಯೂ ಎಡೆಯಿಲ್ಲವೆಂಬುದಂತೂ ನಿಜ. ಅಜ್ಜನ ಗದ್ದೆಗೂ ಎಡೆಯಿಲ್ಲ. ಉದ್ಯಾನದೊಳಗೆ ಉಳಿದು, ಇಂದೋ ನಾಳೆಯೋ ಒಕ್ಕಲೇಳಬೇಕಾದೀತೆಂಬ ಭಯದಲ್ಲಿ ಕಾಲ ನೂಕಿದ ಮಲೆಕುಡಿಯರಿಗೂ ಗೌಡಲರಿಗೂ ಇಲ್ಲ.

ಗಣಿ ನಿಂತ ಮೇಲೆ ಊರು ಖಾಲಿಯಾದುದು ಒಂದೇ ಸಲಕ್ಕಲ್ಲ. ಕೆಲವರು ಸ್ವಯಂನಿವೃತ್ತಿ ಪಡೆದರು, ಕೆಲವರಿಗೆ ಮಂಗಳೂರಿಗೆ ವರ್ಗವಾಯಿತು, ಮಕ್ಕಳು ಕಡಮೆಯಾದಂತೆ ತರಗತಿಗಳು ಕಡಮೆಯಾದವು, ಅಂಗಡಿಗಳು ಒಂದೊಂದಾಗಿ ಕಳಸಕ್ಕೆ ಹೋದವು. ಮನುಷ್ಯರು ಬಿಟ್ಟ ಮನೆಯನ್ನು ಆ ಮಳೆ ಎರಡು ಮೂರು ವರ್ಷಗಳಲ್ಲಿ ತನ್ನದಾಗಿಸಿಕೊಳ್ಳುತ್ತದೆ. ಊರು ಬಿಟ್ಟವರು ಒಯ್ದುದೇನೆಂದರೆ ಟ್ರಂಕುಗಳು. ಆ ಟ್ರಂಕುಗಳಲ್ಲಿ ಸಂಬಳದ ಚೀಟಿಗಳು, ಸಂಘದ ಕರಪತ್ರಗಳು, ಶಾಲೆಯ ವಾರ್ಷಿಕೋತ್ಸವದ ಚಿತ್ರಗಳು, ಊರಿನಿಂದ ಬಂದ ಇನ್‌ಲ್ಯಾಂಡ್ ಲೆಟರುಗಳು. ಕೆಲವು ವರ್ಷಗಳಿಂದ ನಾನು ಮಾಡುತ್ತಿರುವ ಕೆಲಸ, ಮಂಗಳೂರು ಕಾರ್ಕಳ ಬೆಂಗಳೂರುಗಳಲ್ಲಿ ಚೆದುರಿದ ಹಳೆಯ ನೆರೆಯವರ ಮನೆಗಳಿಗೆ ಹೋಗಿ, ಆ ಟ್ರಂಕುಗಳನ್ನು ತೆರೆಯಿಸುವುದು. ಕಾಫಿಯಾಗುವವರೆಗೆ ಸಂಕೋಚ, ಒಂದು ಚಿತ್ರ ಹೊರಬಂದರೆ ಸಾಕು, ಮಾತಿಗೆ ಅಣೆಕಟ್ಟಿರುವುದಿಲ್ಲ.

ಈ ಕೆಲಸದಲ್ಲಿ ನನ್ನ ಅನುಭವಕ್ಕೆ ಬಂದ ಕೆಲವು ತೊಡಕುಗಳನ್ನು ಹೇಳದೆ ಬಿಡಲಾಗದು. ಗಂಡಸರು ಹೇಳುವುದು ಯಂತ್ರಗಳ ಕಥೆ ಅಥವಾ ಮೇಲಧಿಕಾರಿಯ ಕಥೆ. ಮಕ್ಕಳಾಗಿದ್ದವರು ಹೇಳುವುದು ಹನುಮಾನ್‌ಗುಂಡಿಯ ಜಲಪಾತದ ಕಥೆ. ಅವರ ನೆನಪಿನಲ್ಲಿ ಊರಿಗೆ ಯಾವ ಕೊರತೆಯೂ ಇಲ್ಲ, ಯಾರಿಗೂ ಯಾರ ಮೇಲೂ ಮುನಿಸಿಲ್ಲ, ಇಂಬಳವೂ ಕಚ್ಚುವುದಿಲ್ಲ. ಸಿಹಿ ನೆನಪುಗಳನ್ನು ಮಾತ್ರ ಆರಿಸಿ ಕಟ್ಟಿದ ಚರಿತ್ರೆ ಕಂಪನಿಯ ವಾರ್ಷಿಕ ವರದಿಗಿಂತ ಹೆಚ್ಚು ವಿಶ್ವಾಸಾರ್ಹವೇನೂ ಅಲ್ಲ. ನನಗೆ ಹೆಚ್ಚಿನ ಸಾಮಗ್ರಿ ದೊರಕಿದುದು ಹೆಂಗಸರಿಂದ: ಯಾವ ವರ್ಷ ಸೀಮೆಎಣ್ಣೆ ಸಿಕ್ಕಲಿಲ್ಲ, ಯಾವ ಮಳೆಗಾಲದಲ್ಲಿ ಘಟ್ಟ ಕುಸಿದು ತರಕಾರಿ ಬರಲಿಲ್ಲ, ಯಾರ ಹೆರಿಗೆಗೆ ಯಾರು ರಾತ್ರಿಯಿಡೀ ಕೂತಿದ್ದರು, ಮುಷ್ಕರದ ದಿನಗಳಲ್ಲಿ ಯಾರ ಮನೆಯಿಂದ ಯಾರ ಮನೆಗೆ ಅಕ್ಕಿ ಹೋಯಿತು. ಗುತ್ತಿಗೆ ಕೂಲಿಯವರ ಗತಿ ಇನ್ನೂ ಕಠಿನ. ರಸ್ತೆ ಕಡಿದವರು, ಕೊಳವೆ ಹೂತವರು, ಕಟ್ಟೆಗೆ ಮಣ್ಣು ಹೊತ್ತವರು ಅವರು. ಅವರ ಕೈಯಲ್ಲಿ ಕ್ಯಾಮೆರಾ ಇರಲಿಲ್ಲ, ನಮ್ಮ ಚಿತ್ರಗಳಲ್ಲಿ ಅವರಿಲ್ಲ. ಇದ್ದರೂ ಹಿನ್ನೆಲೆಯಲ್ಲಿ, ಗಮನವಿಲ್ಲದ ಕಡೆ, ಮಂಕರಿ ಹೊತ್ತ ಒಂದು ಆಕೃತಿಯಾಗಿ. ಆ ಆಕೃತಿಗೆ ಹೆಸರು ಹುಡುಕುವುದು ನನ್ನಿಂದ ಇನ್ನೂ ಆಗಿಲ್ಲ. ಕೆಮ್ಮಣ್ಣುಗುಂಡಿಯಲ್ಲಿ ಅದಿರು ತುಂಬಿದವರ ವಿಷಯವಾಗಿಯೂ, 2001ರಲ್ಲಿ ಮುಚ್ಚಿದ ಕೋಲಾರದ ಚಿನ್ನದ ಗಣಿಯಲ್ಲಿ ಇಳಿದವರ ವಿಷಯವಾಗಿಯೂ ಇದೇ ಮಾತು ಬಹುಮಟ್ಟಿಗೆ ಸಲ್ಲುತ್ತದೆ.

ಆದುದರಿಂದ ಈ ಲೇಖನವನ್ನು ಓದುವವರಲ್ಲಿ ಕುದುರೆಮುಖದಲ್ಲಾಗಲಿ ಅಂಥ ಬೇರೊಂದು ಗಣಿಯೂರಿನಲ್ಲಾಗಲಿ ಬಾಳಿದವರಿದ್ದರೆ, ಅವರಲ್ಲಿ ನನ್ನ ವಿಜ್ಞಾಪನೆ ಇಷ್ಟು. ಅಟ್ಟದ ಮೇಲಿನ ಟ್ರಂಕನ್ನು ಈ ಬೇಸಗೆಯಲ್ಲಿಯೇ ಇಳಿಸಿರಿ; ಮುಂದಿನ ಮಳೆಗಾಲವನ್ನೂ ಗೆದ್ದಲನ್ನೂ ನಂಬಬೇಡಿರಿ. ಚಿತ್ರಗಳ ಹಿಂಬದಿಯಲ್ಲಿ, ಶಾಯಿಯಿಂದಲ್ಲ, ಮೆತ್ತನೆಯ ಸೀಸದ ಕಡ್ಡಿಯಿಂದ, ಇಸವಿಯನ್ನೂ ಸ್ಥಳವನ್ನೂ ಎಡದಿಂದ ಬಲಕ್ಕೆ ನಿಂತವರ ಹೆಸರುಗಳನ್ನೂ ಬರೆಯಿರಿ. ಹೆಸರು ಹೊಳೆಯದಿದ್ದರೆ ಆತನ ಕೆಲಸವನ್ನಾದರೂ ಬರೆಯಿರಿ. ಮನೆಯ ಹಿರಿಯರು, ಮುಖ್ಯವಾಗಿ ತಾಯಂದಿರು, ಮಾತಾಡಬಲ್ಲ ಸ್ಥಿತಿಯಲ್ಲಿದ್ದರೆ ಒಂದು ಮಧ್ಯಾಹ್ನ ಅವರ ಎದುರಿಗೆ ಕೂತು, ನಡುವೆ ಬಾಯಿ ಹಾಕದೆ ಕೇಳಿ, ಬರೆದುಕೊಳ್ಳಿರಿ. ಕಹಿಯನ್ನು ಬಿಡಬೇಡಿರಿ. ಬರೆದುದರ ಒಂದು ಪ್ರತಿಯನ್ನು ನಿಮ್ಮ ತಾಲ್ಲೂಕಿನ ಗ್ರಂಥಾಲಯಕ್ಕೆ ಕೊಟ್ಟು, ಕೊಟ್ಟುದಕ್ಕೆ ರಸೀದಿ ಪಡೆಯಿರಿ.